ವ್ಯಾನಿನ ಫ್ರಿಜ್ಜಿಗೆ ಹೊಸ ಬ್ಯಾಟರಿ

ರೀ,

ನಾನು ಡ್ಯೂಟಿಗೆ ಹೊರಟೆ, ಸಂಜೆ ಬರ್ತೀನಿ. ವ್ಯಾನಿನ ಫ್ರಿಜ್ಜಿಗೇ ಅಂತ ಬೇರೆ ಬ್ಯಾಟರಿ ತಂದು ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೀನಿ. ಹೋದ ಸಲ ದಾರೀಲಿ ರಾತ್ರಿ ತಂಗಿದಾಗ ನೀವು "ಫ್ರಿಜ್ಜಿಗೆ ಇಂಜಿನ್ ಬ್ಯಾಟರಿನೇ ಸಾಕು, ನಂಗೆಲ್ಲಾ ಗೊತ್ತು" ಅಂದಿರಿ. ಬೆಳಿಗ್ಗೆ ನೋಡಿದರೆ ಸ್ಟಾರ್ಟ್ ಆಗಿದ್ದು ನಿಮ್ಮ ಬಾಯಿ ಒಂದೇ, ವ್ಯಾನ್ ಆಗಲಿಲ್ಲ. ಅತ್ತೆಯ ಇನ್ಸುಲಿನ್ ಬಿಸಿಯಾಗಿ ಹಾಳಾಯ್ತು, ಅರ್ಧ ದಾರಿಯಿಂದ ವಾಪಸ್ ಬಂದ್ವಿ.

ಇದು ಲಿಥಿಯಂ, ರಾತ್ರಿಯಿಡೀ ಫ್ರಿಜ್ ಓಡಿದರೂ ಸುಸ್ತಾಗಲ್ಲ. ಜೊತೆಗೆ ಬಂದ ಬಿಳಿ ಚಾರ್ಜರನ್ನೇ ಹಾಕಿ. ಅಟ್ಟದ ಮೇಲಿರೋ ನಿಮ್ಮ ಹಳೇ ಚಾರ್ಜರನ್ನು ಮ್ಯೂಸಿಯಂಗೆ ಕೊಡೋಣ, ಇದಕ್ಕೆ ಬೇಡ. ಕೆಂಪು ವೈರು ಕೂಡಿಸೋ ಚಿಹ್ನೆಗೆ. ಅಷ್ಟು ಗಣಿತ ಬರುತ್ತೆ ಅಂದ್ಕೊಂಡಿದ್ದೀನಿ. ಹಸಿರು ದೀಪ ಬರೋವರೆಗೂ ಮುಟ್ಟಬೇಡಿ, ಬಿಚ್ಚಿ ನೋಡಬೇಡಿ, ನಿಮ್ಮ ಮೆಕ್ಯಾನಿಕ್ ಗೆಳೆಯನನ್ನು ಕರೆಸಬೇಡಿ.

ನಾಳೆ ಅತ್ತೆ ಎಂಟು ವರ್ಷದ ಮೇಲೆ ತಂಗಿಯನ್ನು ನೋಡೋಕೆ ಹೊರಟಿದ್ದಾರೆ. ನಿನ್ನೆ ಅಡುಗೆಮನೇಲಿ ಮೆಲ್ಲಗೆ ನನ್ನ ಹತ್ತಿರ, "ಔಷಧಿನ ಫ್ಲಾಸ್ಕಲ್ಲಿ ಐಸ್ ಹಾಕಿ ಇಟ್ಕೊಳ್ತೀನಮ್ಮ. ಅವನಿಗೆ ಹೇಳ್ಬೇಡ, ನೊಂದ್ಕೊಳ್ತಾನೆ" ಅಂದರು.

ಹೇಳಿಬಿಟ್ಟೆ. ಆ ಫ್ಲಾಸ್ಕನ್ನ ಅವರು ತಾವಾಗೇ ಮನೇಲಿ ಬಿಟ್ಟು ಬರೋ ಹಾಗೆ ಮಾಡಿ.