ನಮ್ಮ ಮನೆಯಲ್ಲಿ ನಿಂತ ಶಿಲುಬೆ

ಅತ್ತಿದೊಡ್ಡಿ,
ಕೋಡಿಹಳ್ಳಿ ಹೋಬಳಿ, ಕನಕಪುರ ತಾಲ್ಲೂಕು.
16 ಜೂನ್ 2020, ಮಂಗಳವಾರ

ನನ್ನ ಮುದ್ದು ರೋಜಾ,

ಯೇಸುವಿಗೆ ಸ್ತೋತ್ರ. ಹೇಗಿದ್ದೀಯ ತಾಯಿ? ಮೈಗೆ ಶಕ್ತಿ ಬಂತಾ? ನಾಲಿಗೆಗೆ ರುಚಿ ತಿರುಗಿತಾ? ರಾಯಚೂರಿನ ಆ ಬಿಸಿಲಿನಲ್ಲಿ ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಬಟ್ಟೆ ತೊಟ್ಟು ವಾರ್ಡಿನಲ್ಲಿ ಓಡಾಡುತ್ತೀಯ ಎಂದು ನೆನೆದರೆ ನನಗೆ ಇಲ್ಲಿ ಕೂತಲ್ಲೇ ಬೆವರು ಕಿತ್ತುಕೊಂಡು ಬರುತ್ತದೆ. ಹುರಿಹಿಟ್ಟು ಮಾಡಿಟ್ಟಿದ್ದೇನೆ, ಆದರೆ ಪಾರ್ಸೆಲ್ ಯಾವತ್ತು ತಲುಪುತ್ತದೋ ಹೇಳಲಾರೆ ಎಂದು ಪೋಸ್ಟಿನ ಗಂಗಯ್ಯನೇ ಅನ್ನುತ್ತಾನೆ. ನನ್ನ ಮಂಡಿ ನೋವು ಇದ್ದಲ್ಲೇ ಇದೆ, ಅದಕ್ಕೆ ಲಾಕ್‌ಡೌನೂ ಇಲ್ಲ, ರಜೆಯೂ ಇಲ್ಲ. ಕೆಂಪಿ ಹಸು ಹೆಣ್ಣು ಕರು ಹಾಕಿದೆ, ಹಣೆಯ ಮೇಲೆ ಬಿಳಿ ಬೊಟ್ಟಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಭಾನುವಾರ ನೀನು ಫೋನ್ ಮಾಡುವ ಹೊತ್ತಿಗೆ ಸರಿಯಾಗಿ ನಿಮ್ಮಪ್ಪ ಬಾಗಿಲ ಹಿಂದೆ ಬಂದು ನಿಂತಿರುತ್ತಾರೆ. ಅವರ ಸಮಾಚಾರವನ್ನು ಅವರ ಕಿವಿಗೇ ಬೀಳುವಂತೆ ಹೇಳಿದರೆ ಎಲ್ಲಿ ಮುಖ ಗಂಟು ಹಾಕಿಕೊಂಡು ಹೊರಟುಬಿಡುತ್ತಾರೋ ಎಂದು ನನಗೆ ಭಯ. ಕಾನ್ವೆಂಟ್ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದ ಪುಣ್ಯಕ್ಕೆ ನನಗೆ ಬರೆಯಲು ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದದ ತುಂಬ ಜಂಬವೇ ಇದೆ. ನಿನ್ನ ಜೊತೆಯ ಸಿಸ್ಟರ್‌ಗಳಿಗೂ ಓದಿ ಹೇಳು. ಅವರೆಲ್ಲ ಬೇರೆ ಬೇರೆ ಸೀಮೆಯವರು, ಅವರಿಗಾಗಿಯೇ ನಿನಗೆ ಗೊತ್ತಿರುವ ಸಂಗತಿಯನ್ನೂ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ತಪಸ್ಸಿನ ಕಾಲದ ನಲವತ್ತು ದಿನವೂ ಒಂದು ಮರದ ಶಿಲುಬೆ ಮನೆಯಿಂದ ಮನೆಗೆ ಹೋಗುತ್ತದೆ. ಇವತ್ತು ಒಂದು ಮನೆ, ನಾಳೆ ಮುಂದಿನ ಮನೆ. ಯಾರ ಮನೆಗೆ ಬಂತೋ ಅವರು ಆ ಸಂಜೆಯ ಜಪ ನಡೆಸಬೇಕು. ಒಮ್ಮೆ ಎತ್ತಿದ ಶಿಲುಬೆಯನ್ನು ನೆಲಕ್ಕೆ ಇಳಿಸಬಾರದು, ಬಂದ ದಾರಿಯಲ್ಲಿ ಹಿಂದಕ್ಕೆ ಒಯ್ಯಬಾರದು. ಚರ್ಚಿನ ಉಪದೇಶಿ ಅರುಳಪ್ಪನ ಪಟ್ಟಿಯಲ್ಲಿ ಊರಿನ ಎಲ್ಲ ಕ್ರೈಸ್ತರ ಮನೆಗಳೂ ಇವೆ, ನಮ್ಮದೊಂದರ ಮೇಲೆ ಮಾತ್ರ ಎಂಟು ವರ್ಷದಿಂದ ಗೀಟು ಬಿದ್ದಿತ್ತು. ಆ ಗೀಟು ಎಳೆಸಿದವರು ನಿಮ್ಮಪ್ಪ. ಒಬ್ಬಳೇ ಮಗಳು ಮದುವೆ ಬೇಡ ಎಂದು ಕಾನ್ವೆಂಟಿಗೆ ಹೋದಳಲ್ಲ, ಆ ಸಿಟ್ಟನ್ನು ಅವರು ನಿನ್ನ ಮೇಲೆ ಅರ್ಧ ತೋರಿಸಿದರು, ದೇವರ ಮೇಲೆ ಅರ್ಧ ತೋರಿಸಿದರು. ನಿನ್ನ ವ್ರತ ಸ್ವೀಕಾರಕ್ಕೆ ಬರಲಿಲ್ಲ. ನೀನು ಸಿಸ್ಟರ್ ವಿನಯಾ ಆದ ಮೇಲೆ ಆ ಹೆಸರನ್ನು ಒಂದು ಸಲವೂ ಬಾಯಲ್ಲಿ ಆಡಲಿಲ್ಲ. ಮಾತು ಬಂದರೆ ‘ನಿನ್ನ ಮಗಳು’ ಎನ್ನುತ್ತಿದ್ದರು, ನಾನೊಬ್ಬಳೇ ಹೆತ್ತು ಸಾಕಿದೆನೇನೋ ಎಂಬ ಹಾಗೆ. ಚರ್ಚಿನ ಮೆಟ್ಟಿಲು ತುಳಿಯುವುದನ್ನೂ ಬಿಟ್ಟರು.

ಮಾರ್ಚ್ ಇಪ್ಪತ್ತನಾಲ್ಕರ ಮಂಗಳವಾರ ಶಿಲುಬೆ ಹೊರುವ ಸರದಿ ನನ್ನದಾಗಿತ್ತು. ಜನ ಸೇರಬಾರದು ಎಂದು ಚರ್ಚಿನ ಸ್ವಾಮಿಗಳು ಹೇಳಿದ್ದರಿಂದ ಹೊರುವವಳು ನಾನು, ಜೊತೆಗೆ ಅರುಳಪ್ಪ, ಇಬ್ಬರೇ. ತೆರೇಸಮ್ಮನ ಮನೆಯಿಂದ ಎತ್ತಿಕೊಂಡು ಇನ್ನಾಸಪ್ಪನ ಮನೆಗೆ ಬಂದರೆ ಬಾಗಿಲು ಮುಚ್ಚಿತ್ತು. ಅವನ ಮಗ ಅವತ್ತು ಮಧ್ಯಾಹ್ನ ಬೆಂಗಳೂರಿನಿಂದ ಬಂದಿದ್ದನಂತೆ, ಹದಿನಾಲ್ಕು ದಿನ ಯಾರೂ ಹೋಗುವ ಹಾಗಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಿಹೋಗಿದ್ದಳು. ಇನ್ನಾಸಪ್ಪ ಕಿಟಕಿಯಿಂದಲೇ ಕೈ ಮುಗಿದ. ಹಿಂದಕ್ಕೆ ತಿರುಗುವ ಹಾಗಿಲ್ಲ, ಕೆಳಗಿಳಿಸುವ ಹಾಗಿಲ್ಲ. ಅರುಳಪ್ಪ ಪಟ್ಟಿ ತೆಗೆದು ಕನ್ನಡಕ ಹುಡುಕುತ್ತಾ ನಿಂತ. ನಾನು ನೆಟ್ಟಗೆ ನಡೆದವಳು ನಮ್ಮ ಮನೆಗೆ ಹೋಗಿ ರಾಗಿ ಪೆಟ್ಟಿಗೆಯ ಮೇಲೆ ಬಿಳಿ ಪಂಚೆ ಹಾಸಿ ಶಿಲುಬೆ ನಿಲ್ಲಿಸಿಬಿಟ್ಟೆ. ಡೈರಿಗೆ ಹಾಲು ಹಾಕಿ ಬಂದ ನಿಮ್ಮಪ್ಪ ಹೊಸ್ತಿಲಲ್ಲೇ ನಿಂತರು. “ಇದ್ಯಾಕಮ್ಮಿ ಇಲ್ಲಿಗೆ ಬಂತು?” ಎಂದರು. ಒಂದು ದಿನದ ಮಟ್ಟಿಗೆ, ನಾಳೆ ಬಾಳಪ್ಪನ ಮನೆಗೆ ಹೋಗುತ್ತದೆ ಎಂದೆ. ಎಂಟು ಗಂಟೆಗೆ ಟಿ.ವಿ.ಯಲ್ಲಿ ಇಪ್ಪತ್ತೊಂದು ದಿನ ಲಾಕ್‌ಡೌನ್ ಎಂದರು. ಹಿಂದೆಯೇ ಸ್ವಾಮಿಗಳ ಫೋನ್ ಬಂತು, ಶಿಲುಬೆ ಎಲ್ಲಿದೆಯೋ ಅಲ್ಲೇ ಇರಲಿ ಎಂದು. ನಿಮ್ಮಪ್ಪ ಚಾಪೆ ಸುತ್ತಿಕೊಂಡರು. “ಅದು ಹೋಗೋಗಂಟ ನಾ ಹುಳುಮನೇಲೇ ಇರ್ತೀನಿ” ಎಂದು ರೇಷ್ಮೆ ಹುಳುಗಳ ಜೊತೆ ಸಂಸಾರ ಹೂಡಿದರು.

ಚರ್ಚಿಗೆ ಬೀಗ ಬಿತ್ತು. ಸ್ವಾಮಿಗಳು ಫೋನಿನಲ್ಲಿ ಪೂಜೆ ಕಳಿಸುತ್ತಿದ್ದರು, ಆದರೆ ನಮ್ಮೂರ ಸಿಗ್ನಲ್ಲು ನಿನಗೆ ಗೊತ್ತಲ್ಲ, ನೀರಿನ ಟ್ಯಾಂಕಿನ ಕೆಳಗೆ ನಿಂತರೆ ಮಾತ್ರ. ತೆರೇಸಮ್ಮ ಮೊಮ್ಮಗಳ ಫೋನನ್ನು ಅಲ್ಲಿ ಕಲ್ಲಿನ ಮೇಲೆ ನಿಲ್ಲಿಸಿ ಮೊಣಕಾಲೂರಿದ್ದಳಂತೆ. ಸ್ವಾಮಿಗಳು ಪರಮಪ್ರಸಾದ ಎತ್ತಿ ಹಿಡಿಯುವ ಹೊತ್ತಿಗೆ ಸರಿಯಾಗಿ ಸಿಮೆಂಟಿನ ಜಾಹೀರಾತು ಬಂತು. ಅದಕ್ಕೂ ಶಿಲುಬೆಯ ಗುರುತು ಹಾಕಿಕೊಂಡೆ ಎಂದು ಆಮೇಲೆ ಅವಳೇ ಹೇಳಿ ನಕ್ಕಳು. ಇದು ಆಗುವ ಮಾತಲ್ಲ ಎಂದು ಅರುಳಪ್ಪ ಒಂದು ದಾರಿ ಹುಡುಕಿದ. ದಿನವೂ ಸಂಜೆ ಏಳಕ್ಕೆ ತಾನೊಬ್ಬನೇ ಹೋಗಿ ಚರ್ಚಿನ ಗಂಟೆ ಹೊಡೆಯುವುದು, ಗಂಟೆ ಕೇಳಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ಮೇಣದಬತ್ತಿ ಹಚ್ಚಿ, ಶಿಲುಬೆ ಇರುವ ಮನೆಯ ಕಡೆ ಮುಖ ಮಾಡಿ ನಿಲ್ಲುವುದು. ಅಂದರೆ ನಮ್ಮ ಮನೆಯ ಕಡೆಗೆ! ನಾನು ಬಾಗಿಲಲ್ಲಿ ನಿಂತು ‘ನಮೋ ಮರಿಯಾ’ ಎಂದು ಜಪಮಾಲೆ ಶುರು ಮಾಡಬೇಕು, ಹತ್ತು ಹತ್ತು ಮಣಿಯಂತೆ ಐದು ಹತ್ತು. ನನ್ನ ದನಿ ಮೂರನೇ ಮನೆಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಮೂರನೇ ಮನೆಯವರು ಕೇಳಿಸಿಕೊಂಡು ಗಟ್ಟಿಯಾಗಿ ಹೇಳಿದರು, ಅವರಿಂದ ಆರನೇ ಮನೆಗೆ, ಅಲ್ಲಿಂದ ಮುಂದಕ್ಕೆ. ಹೀಗೆ ಬೀದಿಯ ಕೊನೆಯ ತನಕ ಹೋದ ಜಪಕ್ಕೆ ಮರುದನಿ ನಮ್ಮ ಮನೆಗೆ ವಾಪಸು ಬರುತ್ತಿತ್ತು. ಚರ್ಚಿನೊಳಗೆ ಅಕ್ಕಪಕ್ಕ ಕೂತಾಗಲೂ ಹೀಗೆ ಒಬ್ಬರ ದನಿಗೆ ಒಬ್ಬರು ಕಿವಿಗೊಟ್ಟಿರಲಿಲ್ಲ ನಾವು. ಬೀದಿಯ ಕೊನೆಯ ದೊಡ್ಡಲಕ್ಷ್ಮಮ್ಮ, ಅವರು ನಮ್ಮ ಧರ್ಮದವರಲ್ಲ, ಆದರೂ ಏಳಕ್ಕೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. “ಐದನೇ ಹತ್ತು ಆಯ್ತಾ? ಇನ್ ನಾನು ಸಾರಿಗೆ ಒಗ್ಗರಣೆ ಹಾಕ್ತೀನಿ ತಕಳ್ರವ್ವಾ” ಎಂದು ಏಳುತ್ತಿದ್ದರು.

ನಿಮ್ಮಪ್ಪ ಮಾತ್ರ ಆ ಹೊತ್ತಿಗೆ ಹುಳುಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಡೀ ಊರಿಗೆ ಕೇಳಿಸುವ ಗಂಟಲು ಇದ್ದದ್ದು ಅವರೊಬ್ಬರಿಗೇ. ಶುಭ ಶುಕ್ರವಾರದ ಪಾಡಿನ ಪದ, ಅದೇ, ಶಿಲುಬೆಯ ಕೆಳಗೆ ತಾಯಿ ಮರಿಯಮ್ಮ ಅಳುವ ಹಾಡು, ಅದನ್ನು ಇಪ್ಪತ್ತೆರಡು ವರ್ಷ ಹಾಡಿದವರು. ನೀನು ಕಾನ್ವೆಂಟಿಗೆ ಹೋದ ವರ್ಷ ಅವರ ತಾತ ಬರೆದಿಟ್ಟ ಆ ಪದದ ಪುಸ್ತಕವನ್ನು ತೊಲೆಯ ಸಂದಿಗೆ ಸಿಕ್ಕಿಸಿದ್ದರು. ಆಮೇಲೆ ಆ ಕಡೆ ತಲೆಯೆತ್ತಿ ನೋಡಿರಲಿಲ್ಲ.

ಗರಿಗಳ ಭಾನುವಾರ ನಿನ್ನ ಫೋನ್ ಬರಲಿಲ್ಲ. ನಿಮ್ಮ ಕಾನ್ವೆಂಟಿನ ಮದರ್ ಮಾಡಿದರು. ನಿನಗೆ ಜ್ವರ, ಬೇರೆ ಕೋಣೆಯಲ್ಲಿ ಇರಿಸಿದ್ದೇವೆ, ಪರೀಕ್ಷೆಗೆ ಕಳಿಸಿದ್ದೇವೆ, ಪ್ರಾರ್ಥಿಸಿ ಎಂದರು. ಹೇಗೋ ಹುಳುಮನೆಯ ಬಾಗಿಲಿಗೆ ಹೋಗಿ ಹೇಳಿದೆ. ನಿಮ್ಮಪ್ಪ ಸೊಪ್ಪು ಹಾಕುತ್ತಿದ್ದರು. ಹಾಕಿದ ತಟ್ಟೆಗೇ ಮತ್ತೆ ಮತ್ತೆ ಸೊಪ್ಪು ಹಾಕುತ್ತಲೇ ಇದ್ದರು, ಹುಳುಗಳೆಲ್ಲ ಅಡಿಗೆ ಬಿದ್ದು ಕಾಣದೇ ಹೋದವು. ಕೊನೆಗೆ “ಉಸ್ರು ಸಲೀಸಾಗಿ ಆಡ್ತೈತಂತಾ?” ಎಂದು ಒಂದೇ ಮಾತು ಕೇಳಿದರು. ಮದರ್ ಅದನ್ನು ಹೇಳಲಿಲ್ಲ ಎಂದೆ. ಅಷ್ಟರಲ್ಲಿ ಏಳರ ಗಂಟೆ ಬಾರಿಸಿತು, ಬೀದಿಯುದ್ದಕ್ಕೂ ಮೇಣದಬತ್ತಿ ಹಚ್ಚಿ ಜನ ಕಾಯುತ್ತಿದ್ದರು, ನಾನು ಬಾಗಿಲಿಗೆ ಬಂದೆ. ಮೊದಲನೇ ಹತ್ತು ಹೇಗೋ ಮುಗಿಸಿದೆ. ಎರಡನೆಯದರಲ್ಲಿ ಬಾಯಿ ತೆರೆದರೆ ದನಿಯೇ ಇಲ್ಲ. ಬೀದಿಗೆ ಬೀದಿಯೇ ಸುಮ್ಮನಾಯಿತು. ಆಗ ಹುಳುಮನೆಯ ಕಡೆಯಿಂದ ‘ನಮೋ ಮರಿಯಾ’ ಎಂದು ಒಂದು ದನಿ ಬಂತು. ಎಂಟು ವರ್ಷ ಕೇಳದ ದನಿ. ನಾನು ತಿರುಗಿ ನೋಡಲಿಲ್ಲ, ನೋಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು. ಅವತ್ತು ಮೂರನೇ ಮನೆಯವರು, ಆರನೇ ಮನೆಯವರು ಯಾರೂ ದಾಟಿಸಬೇಕಾಗಲಿಲ್ಲ. ಬೀದಿಯ ಕೊನೆಗೂ ನೇರವಾಗಿಯೇ ಕೇಳಿಸಿತು. ದೊಡ್ಡಲಕ್ಷ್ಮಮ್ಮ ಅವತ್ತು ಒಗ್ಗರಣೆ ಮರೆತು ಕೂತಿದ್ದರಂತೆ.

ಮಾರನೆಯ ಬೆಳಿಗ್ಗೆ ಏಣಿ ಹಾಕಿ ತೊಲೆಯ ಸಂದಿಯಿಂದ ಪುಸ್ತಕ ತೆಗೆದರು. ಸುದ್ದಿ ಹೇಗೆ ಹಬ್ಬಿತೋ, ಕೋಡಿಹಳ್ಳಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಶೋಯೆಬ್ ಫೋನ್ ಮಾಡಿ, ಮದುವೆಗಳೆಲ್ಲ ನಿಂತು ಸೆಟ್ಟು ಸುಮ್ಮನೆ ಬಿದ್ದಿದೆ, ಬೇಕಾದರೆ ತಂದು ಹಾಕುತ್ತೇನೆ ಎಂದ. “ಮೈಕ್ ಯಾಕ್ಲಾ, ನಂಗೇನ್ ಗಂಟ್ಲಿಲ್ವಾ?” ಎಂದರು ನಿಮ್ಮಪ್ಪ. ಕೇಳಿಸಿಕೊಂಡ ನಾನು ಒಲೆಯ ಮುಂದೆ ಒಬ್ಬಳೇ ನಕ್ಕೆ, ನಗುತ್ತಲೇ ಅತ್ತೆ. ಶುಭ ಶುಕ್ರವಾರ ಮಧ್ಯಾಹ್ನ ಶಿಲುಬೆಯನ್ನು ತಾವೇ ಎತ್ತಿ ತಾರಸಿಗೆ ಒಯ್ದರು. ಮಾಳಿಗೆಗಳ ಮೇಲೆ, ಜಗುಲಿಗಳ ಮೇಲೆ, ಎಲ್ಲ ಅವರವರ ಮನೆಯಲ್ಲೇ ನಿಂತಿದ್ದರು. ಸುಡುವ ಬಿಸಿಲಿನಲ್ಲಿ ಒಂದೂವರೆ ಗಂಟೆ ಹಾಡಿದರು ಮಗಳೇ, ಅರವತ್ತಮೂರು ವರ್ಷದ ಗಂಟಲು! ಆ ಪದದಲ್ಲಿ ಒಂದು ಸಾಲು ಬರುತ್ತದಲ್ಲ, ‘ಹೊಸಲ ದಾಟ್ಹೋದ ನನ ಮಗನೇ, ಹಾಲಿಗೆ ಹೆಪ್ಪಾಕಿ ನಾ ಕಾದಿದ್ದೆ’ ಎಂದು. ಅದು ಬಂದಾಗ ನಿಮ್ಮಪ್ಪ ‘ನನ ಮಗಳೇ’ ಎಂದರು. ಬಾಯಿ ತಪ್ಪಿತೇನೋ ಅಂದುಕೊಂಡೆ. ಮತ್ತೆ ಆ ಸಾಲು ತಿರುಗಿ ಬಂದಾಗಲೂ ‘ಮಗಳೇ’ ಎಂದೇ ಹಾಡಿದರು. ಊರಲ್ಲಿ ಆ ಪದ ಬಾಯಿಪಾಠ ಬರುವವರು ಹತ್ತಾರು ಜನ ಇದ್ದಾರೆ, ಒಬ್ಬರೂ ತಪ್ಪು ಎನ್ನಲಿಲ್ಲ. ಅರುಳಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ನಿನ್ನ ಗಂಡ ಯಾರು ಎಂದು ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ಎದೆಯುಬ್ಬಿಸಿ ತಾರಸಿ ತೋರಿಸುತ್ತಿದ್ದೆ.

ಪಾಸ್ಕ ಹಬ್ಬದ ಮಾರನೆಯ ದಿನ ನೀನೇ ಫೋನ್ ಮಾಡಿ, ಬರೀ ವಿಷಮಶೀತ ಜ್ವರ ಅಮ್ಮಾ, ಕೊರೋನ ಇಲ್ಲವಂತೆ ಎಂದೆಯಲ್ಲ, ಅವತ್ತು ನಿಮ್ಮಪ್ಪ ಒಂದು ಮುದ್ದೆ ಹೆಚ್ಚಿಗೆ ಹಾಕಿಸಿಕೊಂಡು ಉಂಡರು. ಆದರೂ ಫೋನ್ ಕೈಗೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಎಂಟು ವರ್ಷ ಬಿಟ್ಟ ಮಾತನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯದ ಮನುಷ್ಯ ಅವರು. ನನಗೆ ಆಸೆಯೂ ಆಯಿತು, ಸಿಟ್ಟೂ ಬಂತು. ಶಿಲುಬೆ ಮನೆಯಲ್ಲಿ ಇರುವ ತನಕ ಈ ಹದ, ಅದು ಹೋದ ಮೇಲೆ ಮತ್ತೆ ಮೊದಲಿನ ಹಾಗೇ ಆದರೆ ಏನು ಗತಿ ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಇಪ್ಪತ್ತೊಂದು ದಿನ ಎಂದದ್ದು ಮುಂದಕ್ಕೆ ಹೋಗಿ ಹೋಗಿ ಎರಡೂವರೆ ತಿಂಗಳಾಯಿತು, ಸಂಜೆಯ ಜಪ ಒಂದು ದಿನವೂ ತಪ್ಪಲಿಲ್ಲ.

ಮೊನ್ನೆ ಭಾನುವಾರ ಚರ್ಚು ತೆರೆಯಿತು. ದೂರ ದೂರ ಕೂರಲು ನೆಲಕ್ಕೆ ಸುಣ್ಣದಲ್ಲಿ ಗುರುತು ಹಾಕಿದ್ದಾರೆ. ಶಿಲುಬೆ ಅದರ ಜಾಗಕ್ಕೆ ಹೋಗಬೇಕಿತ್ತು. ನಾನು ಸೆರಗು ಸಿಕ್ಕಿಸಿ ಹೊರಲು ಬಂದರೆ ನಿಮ್ಮಪ್ಪ ಆಗಲೇ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು, ಮಾಸ್ಕ್ ಹಾಕಿಕೊಂಡು ಶಿಲುಬೆ ಹೆಗಲಿಗಿಟ್ಟಿದ್ದರು. “ನಿನ್ ಮಂಡಿ ನೋವು, ಬುಡು” ಎಂದರು. ಬೀದಿಯಲ್ಲಿ ಹೋಗುವಾಗ ಎಲ್ಲ ಬಾಗಿಲುಗಳಲ್ಲೂ ಜನ ನಿಂತಿದ್ದರು. ಚರ್ಚಿನ ಮೆಟ್ಟಿಲ ಹತ್ತಿರ ಅವರ ಕಾಲು ನಿಂತುಬಿಟ್ಟಿತು. ನಾನೂ ಹಿಂದೆಯೇ ನಿಂತೆ. ಇಳಿಸುವ ಹಾಗಿಲ್ಲ, ಹಿಂದಿರುಗುವ ಹಾಗಿಲ್ಲ. ಒಂದು ಸಲ ತಿರುಗಿ ನನ್ನ ಮುಖ ನೋಡಿದರು, ಒಳಗೆ ಹೋದರು.

ಈಗ ನಿನ್ನ ಜೊತೆಯವರಿಗೆ ಓದಿ ಹೇಳಬಾರದ ಒಂದು ಮಾತು. ಅವತ್ತು ಇನ್ನಾಸಪ್ಪನ ಮನೆಯ ಬಾಗಿಲು ಮುಚ್ಚಿದ್ದದ್ದು ನಿಜ. ಆದರೆ ಪಟ್ಟಿಯಲ್ಲಿ ಅದರ ಮುಂದಿನದು ಬಾಳಪ್ಪನ ಮನೆ, ಅದರ ಬಾಗಿಲು ಹಾರುಹೊಡೆದಿತ್ತು, ಬಾಳಪ್ಪನ ಹೆಂಡತಿ ದೀಪ ಹಚ್ಚುತ್ತಿದ್ದದ್ದೂ ಕಂಡಿತು. ನಾನು ಕಂಡೂ ಕಾಣದ ಹಾಗೆ ನಮ್ಮ ಮನೆಗೆ ನುಗ್ಗಿದೆ. ಅರುಳಪ್ಪನಿಗೂ ಗೊತ್ತು, ಅವನು ಬರೀ ಕೆಮ್ಮಿ ಸುಮ್ಮನಾದ. ಪಾಪನಿವೇದನೆಯಲ್ಲಿ ಇದನ್ನು ಹೇಳಬೇಕೋ ಬೇಡವೋ ನೀನೇ ತಿಳಿಸು. ಪಶ್ಚಾತ್ತಾಪ ಮಾತ್ರ ಇಲ್ಲ, ಆಣೆಗೂ ಇಲ್ಲ.

ಊರವರೆಲ್ಲ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ವಾರ್ಡಿನಲ್ಲಿ ಒಬ್ಬೊಬ್ಬರ ಕೈ ಹಿಡಿದು ಧೈರ್ಯ ಹೇಳುತ್ತೀಯಂತೆ, ಮದರ್ ಹೇಳಿದರು. ನನ್ನ ಹೊಟ್ಟೆ ತಣ್ಣಗಾಯಿತು. ಹೊತ್ತಿಗೆ ಸರಿಯಾಗಿ ಉಣ್ಣು, ನೀರು ಕುಡಿ. ಮಾತೆ ಮರಿಯಮ್ಮ ನಿನ್ನನ್ನೂ ನಿನ್ನ ರೋಗಿಗಳನ್ನೂ ತನ್ನ ಸೆರಗಿನಡಿ ಇಟ್ಟುಕೊಳ್ಳಲಿ. ನಿನ್ನ ಹಣೆಗೆ ಇಲ್ಲಿಂದಲೇ ಶಿಲುಬೆಯ ಗುರುತು ಹಾಕಿದ್ದೇನೆ.

ನಿನ್ನ ಅಮ್ಮ,
ಲೂರ್ದಮ್ಮ

ಮರೆತಿದ್ದು: ಗಂಗಯ್ಯ ಸೈಕಲ್ ಮೇಲೆ ಒಂದು ಕಾಲಿಟ್ಟು ಅವಸರ ಮಾಡುತ್ತಿದ್ದಾನೆ, ಎರಡೇ ಸಾಲು. ಖಾಲಿ ಲಕೋಟೆಯನ್ನು ರಾಗಿ ಪೆಟ್ಟಿಗೆಯ ಮೇಲಿಟ್ಟು ಕರು ಕಟ್ಟಲು ಹೋಗಿದ್ದೆ. ಬಂದು ನೋಡಿದರೆ ವಿಳಾಸ ಬರೆದಾಗಿತ್ತು. ಬರೆದವರು ನನ್ನ ಮುಖ ನೋಡದೆ ಸೊಪ್ಪು ಕೊಯ್ಯಲು ಹೊರಟುಹೋದರು. ಕಾಗದ ಓದುವ ಆತುರದಲ್ಲಿ ಲಕೋಟೆ ಹರಿದು ಎಸೆದಿದ್ದರೆ ಹೋಗಿ ಹುಡುಕಿ ತೆಗೆದುಕೋ. ಮುಂದೆ ‘ಸಿಸ್ಟರ್ ವಿನಯಾ’ ಎಂದಿದೆ. ಹಿಂದೆ, ಕಳಿಸಿದವರ ಜಾಗದಲ್ಲಿ, ‘ಚೌರಪ್ಪ, ಸಿಸ್ಟರ್ ವಿನಯಾಳ ತಂದೆ’ ಎಂದಿದೆ.