ನಮ್ಮ ಮನೆಯ ಹೆಜ್ಜೆ

ಅನ್ಯಾಕೋ
೨೦ ಆಗಸ್ಟ್ ೧೯೯೬, ಮಂಗಳವಾರ

ನನ್ನ ಮುದ್ದು ಎಲಿಕೆಮ್,

ಹೇಗಿದ್ದೀಯಪ್ಪಾ? ಕೆಮ್ಮು ಬಿಟ್ಟಿತೇ? ಆ ಕೋಬೆ ಊರಿನಲ್ಲಿ ಮೀನನ್ನು ಹಸಿಯಾಗಿಯೇ ತಿನ್ನುತ್ತಾರೆಂದು ನಿನ್ನ ಶಿಷ್ಯೆಯರು ಇಲ್ಲಿಗೆ ಬಂದು ಹೇಳಿದಾಗಿನಿಂದ ನನಗೆ ನಿನ್ನ ಹೊಟ್ಟೆಯದೇ ಚಿಂತೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹಿನ್ನೀರಿನಲ್ಲಿ ಈ ಸಲ ಮೀನು ಪರವಾಗಿಲ್ಲ. ನನ್ನ ಮಂಡಿನೋವು ಇದ್ದಲ್ಲೇ ಇದೆ, ನಿನ್ನ ಸೋದರತ್ತೆ ಮಾನ್ಸಾಳ ಬಾಯಿಯೂ ಹಾಗೆಯೇ ಇದೆ. ನಿನ್ನಪ್ಪ ಹೊರಗೆ ಬಲೆ ರಿಪೇರಿ ಮಾಡುತ್ತಾ ಕೂತಿದ್ದಾರೆ. ನಿನಗೊಂದು ಮಾತು ಹೇಳಿ ಕಳಿಸುವ ಮನಸ್ಸು ಅವರಿಗೆ ಇನ್ನೂ ಬಂದಿಲ್ಲ. ನಿನ್ನ ಕಾಗದ ಓದುವಾಗ ಎದ್ದು ಗೋಡೆಯಾಚೆ ಹೋಗುತ್ತಾರೆ. ನಾನೂ ಗೋಡೆಯಾಚೆಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಓದುತ್ತೇನೆ. ನೀನು ಹೊರಟ ದಿನ ಅವರು ಅಂದದ್ದು ನಿನಗೂ ನೆನಪಿರಬೇಕು: "ಊರಿನ ಕುಣಿತಾನ ಕಂಡೋರಿಗೆಲ್ಲ ಹಂಚೋಕೆ ಹೊರಟ. ಅಷ್ಟು ದೂರ ಹೋದ್ಮೇಲೆ ಅದು ನಮ್ಮದಾಗಿ ಉಳಿಯುತ್ತಾ?" ಆರು ವರ್ಷದ ಹಿಂದಿನ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಮ್ಮೂರ ಕುಣಿತ ನೋಡಿಬರಲೆಂದು ನೀನು ಅಲ್ಲಿಂದ ಕಳಿಸಿದ ಈ ನಾಲ್ವರು ಹುಡುಗಿಯರು ಬಂಗಾರದಂಥವರು. ಅಕ್ಪ್ಲೆ ಮುದ್ದೆಯನ್ನು ಬೆಂಡೆಕಾಯಿ ಸಾರಿನಲ್ಲಿ ಅದ್ದಿ ನುಂಗುವುದನ್ನು ಎರಡೇ ದಿನಕ್ಕೆ ಕಲಿತರು. ಅವರಲ್ಲಿ ಹಿರಿಯಳು ಮಿದೋರಿ, ನೀನು ಕಲಿಸಿದ ನಮ್ಮ ಎವೆ ಭಾಷೆಯಲ್ಲೇ ನನ್ನ ಹತ್ತಿರ ಹರಟುತ್ತಾಳೆ. ಅವಳ ಬಾಯಲ್ಲಿ ನಿನ್ನದೇ ಧಾಟಿ ಕೇಳಿ ಮೊದಲ ದಿನ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮೊನ್ನೆ ಭಾನುವಾರ ಮಧ್ಯಾಹ್ನ ಬೇವಿನ ಮರದ ಕೆಳಗೆ ಎಂದಿನಂತೆ ಅಗ್ಬಾಜಾ ಕುಣಿತ ಶುರುವಾಯಿತು. ದೊಡ್ಡ ಡೋಲಿಗೆ ಡೊಟ್ಸೆ ನಿಂತಿದ್ದ, ಪಕ್ಕದಲ್ಲಿ ತಾಳಕ್ಕೆ ದಪ್ಪ ದನಿ-ಸಣ್ಣ ದನಿಯ ಜೋಡಿಗಂಟೆ. ಹುಡುಗಿಯರು ನಮ್ಮ ಹೆಂಗಸರ ಸಾಲಿಗೆ ಸೇರಿಕೊಂಡರು. ಏನು ಬೆನ್ನು ಬಾಗಿಸುವುದು, ಏನು ಭುಜ ಆಡಿಸುವುದು! ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟರಲ್ಲಿ ನಾಲ್ವರೂ ಒಟ್ಟಿಗೆ ಎಡಗಾಲನ್ನು ನೆಲದ ಮೇಲೆ ಸರ್ರನೆ ಎಳೆದು, ಬಲಗಾಲಿನ ಮೇಲೆ ಒಂದು ಪುಟ್ಟ ಕುಪ್ಪಳಿಕೆ ಹಾಕಿದರು. ಮುಂದಿನ ಸುತ್ತಿನಲ್ಲೂ ಅದೇ ಜಾಗದಲ್ಲಿ ಅದನ್ನೇ ಮಾಡಿದರು. ಮಾನ್ಸಾ ಸುಮ್ಮನಿರುತ್ತಾಳೆಯೇ? "ಅಯ್ಯಯ್ಯೋ, ನಮ್ಮಣ್ಣ ಒಬ್ಬ ಸಾಲ್ದು ಅಂತ ಇನ್ನೂ ನಾಲ್ಕು ಜನ ಬಂದ್ರಲ್ಲೇ!" ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ಡೊಟ್ಸೆ ಡೋಲು ನಿಲ್ಲಿಸಿದ. ನಿನ್ನಪ್ಪ ಎದ್ದು ಕೋಲು ಹಿಡಿದು ಮನೆ ಕಡೆ ನಡೆದರು. ಹಿಂದೆ ಓಡಿದ ನನಗೆ ಸಿಕ್ಕಿದ್ದು ಇಷ್ಟೇ: "ಕುಂಟನ್ನ ಅಣಕಿಸೋಕೆ ಅಷ್ಟು ದೂರದಿಂದ ಬರ್ಬೇಕಿತ್ತಾ? ಹೇಳಿಕೊಟ್ಟು ಕಳಿಸಿದ್ದಾನೆ ನಿನ್ನ ಮಗ."

ಸ್ವಲ್ಪ ಹೊತ್ತಿಗೆ ಮಿದೋರಿ ಬಂದಳು, ಮುಖ ಸಣ್ಣದಾಗಿತ್ತು. "ಅಮ್ಮಾ, ಏನು ತಪ್ಪಾಯ್ತು? ಈ ಹೆಜ್ಜೆ ಬರೋವರೆಗೂ ಮೇಷ್ಟ್ರು ನಮ್ಮನ್ನ ಮುಂದಕ್ಕೇ ಬಿಡ್ಲಿಲ್ಲ. ಮೂರು ತಿಂಗಳು ಇದನ್ನೇ ಮಾಡಿಸಿದ್ರು. 'ಇದು ನಮ್ಮಪ್ಪನಿಂದ ಬಂದ ಹೆಜ್ಜೆ, ಇದಿಲ್ದೆ ಅಗ್ಬಾಜಾ ಇಲ್ಲ' ಅಂತಾರೆ" ಎಂದಳು.

ನನಗೆ ಆಗ ಹೊಳೆಯಿತು ಮಗನೇ. ದೋಣಿಯ ಹಾಯಿಕಂಬ ಬಿದ್ದು ನಿನ್ನಪ್ಪನ ಎಡಪಾದ ಜಜ್ಜಿಹೋದಾಗ ನೀನಿನ್ನೂ ಹುಟ್ಟಿರಲಿಲ್ಲ. ನಡೆಯಲು ಕಲಿತ ವರ್ಷವೇ ನೀನು ಅವರ ಬೆನ್ನ ಹಿಂದೆ ನಿಂತು ಕುಣಿಯಲು ಕಲಿತೆ. ಅವರು ಕಾಲೆಳೆದರೆ ನೀನೂ ಎಳೆದೆ, ಅವರು ಕುಪ್ಪಳಿಸಿದರೆ ನೀನೂ ಕುಪ್ಪಳಿಸಿದೆ. ಮಗು ತಾನಾಗಿ ಬಿಡುತ್ತದೆಂದು ನಾವು ನಗುತ್ತಿದ್ದೆವು. ನೀನು ಬಿಡಲಿಲ್ಲ. ಊರಿಗೆಲ್ಲ ಕುಂಟಾಗಿ ಕಂಡದ್ದು ನಿನಗೆ ಕುಣಿತವಾಗಿಯೇ ಕಂಡಿತ್ತು. ಇಷ್ಟು ವರ್ಷ ನಾನು ಹೆತ್ತವಳಾಗಿಯೂ ಇದನ್ನು ಗಮನಿಸಲಿಲ್ಲವಲ್ಲ!

ಸಂಜೆ ಮುದ್ದೆ ಬಡಿಸುತ್ತಾ ನಿನ್ನಪ್ಪನಿಗೆ ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡರು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು, ಅಷ್ಟೇ. ನಿನ್ನೆ ಡೊಟ್ಸೆ ಬಂದು, "ಎಲಿಕೆಮ್ಮನ ತಾಯಿ, ಬರೋ ಭಾನುವಾರದೊಳಗೆ ಆ ಎಡವಟ್ಟು ತಿದ್ದಿಸಿಬಿಡಿ. ಹೆಜ್ಜೆ ಅಂದ್ರೆ ಹೆಜ್ಜೆ ಇರ್ಬೇಕು" ಎಂದ. ಬಲೆಯ ಮುಂದೆ ಕೂತಿದ್ದ ನಿನ್ನಪ್ಪ ತಲೆ ಎತ್ತಲಿಲ್ಲ. ನಾನೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾಲು ಅವರದು, ಮಾತೂ ಅವರೇ ಆಡಬೇಕು. ಹುಡುಗಿಯರು ಮಾತ್ರ ಎರಡು ದಿನದಿಂದ ಕುಣಿಯಲು ಹೆದರಿ ಈರುಳ್ಳಿ ಸುಲಿಯುತ್ತಾ ಕೂತಿದ್ದಾರೆ, ಪಾಪ.

ನೀನು ಬೇಸರ ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಂದದ್ದನ್ನೇ ಉಣ್ಣು. ನಮ್ಮ ಹಿರಿಯರೆಲ್ಲ ನಿನ್ನ ಬೆನ್ನಿಗಿರಲಿ, ನಿನ್ನ ಕೈ ಡೋಲಿನ ಮೇಲೆ ಎಂದೂ ಸೋಲದಿರಲಿ.

ನಿನ್ನ ಅವ್ವ,
ಜಿಗ್ಬೋದಿ

ಇನ್ನೊಂದು ಮಾತು: ಲಕೋಟೆ ಅಂಟಿಸುವುದರಲ್ಲಿದ್ದೆ, ನಿನ್ನಪ್ಪ ಬಂದು ಬಾಗಿಲಲ್ಲಿ ನಿಂತರು. "ಇರು, ಮುಚ್ಬೇಡ. ಆ ಹುಡುಗೀರು ಕಾಲೆಳೆಯೋದು ಒಂಚೂರು ಮುಂಚೆ ಆಗ್ತಿದೆ. ಗಂಟೆಯ ದಪ್ಪ ದನಿ ಮುಗಿದ್ಮೇಲೆ ಎಳೀಬೇಕು, ಅದಕ್ಕೆ ಮೊದ್ಲಲ್ಲ. ಕಲಿಸೋದಾದ್ರೆ ಸರಿಯಾಗಿ ಕಲಿಸು ಅಂತ ಬರಿ ಅವನಿಗೆ" ಎಂದರು. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬರೆದಿದ್ದೇನೆ ಕಣೋ. ಈಗ ಅಂಗಳದಲ್ಲಿ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ತಾವೇ ಮುಂದೆ ನಿಂತಿದ್ದಾರೆ. ಗಂಟೆ ಬಾರಿಸಲು ನಾನು ಬೇಕಂತೆ, ಕೂಗುತ್ತಿದ್ದಾರೆ. ಹೊರಟೆ.