ಮೂಲದಲ್ಲಿ ಇಲ್ಲದ ಕಿಟಕಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯಬೇಕಲ್ಲ, ಬರೆದೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ.

ನಮ್ಮ ಸಾಲಿನ ಎಂಟೂ ಮನೆಗಳು ಪಾರಂಪರಿಕ ಕಟ್ಟಡಗಳಾದವು, ಸಂತೋಷ. ಬಿಲ್ಡರನ ಬಾಯಿಂದ ಅವನ್ನು ತಪ್ಪಿಸಲು ನೀನು ಎಷ್ಟು ಓಡಾಡಿದೆ ಎಂಬುದೂ ಗೊತ್ತು. ಕಮಾನಿನ ಬಾಗಿಲು, ಹೆಂಚಿನ ಮಾಡು, ಮುಂದಿನ ಮೋಟುಗೋಡೆ ಎಲ್ಲ ಇದ್ದ ಹಾಗೇ ಇರಬೇಕಂತೆ. ಇರಲಿ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ ಎಂದು ಹೇಳಿಹೋದ ಸಮಿತಿಯವರೇ ಮರುದಿನ ಡ್ರಿಲ್ ತಂದು, ಅದೇ ಗೋಡೆ ಕೊರೆದು, ‘ಪಾರಂಪರಿಕ ಕಟ್ಟಡ’ ಎಂಬ ಹಿತ್ತಾಳೆ ಫಲಕ ಕೂರಿಸಿದರು. ಪಕ್ಕದ ಮನೆಯ ನಿವೃತ್ತ ಟೈಪಿಸ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಆಮೇಲೆ ಅಮ್ಮನ ಕೋಣೆಗೆ ಬಂದರು. ಉಳಿದ ಮನೆಗಳಿಗೆ ಬೀದಿ ಕಡೆ ಒಂದೇ ಕಿಟಕಿ, ಅದೂ ಹಜಾರದಲ್ಲಿ. ನಮಗೆ ಮಾತ್ರ ಎರಡು. ಅಮ್ಮನ ಕೋಣೆಯದು ಮೂಲದಲ್ಲಿ ಇಲ್ಲ, ಮುಚ್ಚಬೇಕು ಎಂದರು. ಸೊಂಟ ಮುರಿದುಕೊಂಡ ಮೇಲೆ ಅಮ್ಮ ಹಾಸಿಗೆ ಬಿಟ್ಟು ಎದ್ದಿಲ್ಲ, ಹಜಾರದಲ್ಲಿ ಮಂಚ ಹಾಕಿದರೆ ಬಾಗಿಲು ತೆಗೆಯಲು ಬರುವುದಿಲ್ಲ, ಬೀದಿಯಲ್ಲಿ ಹೋಗಿಬರುವವರನ್ನು ನೋಡುವುದೊಂದೇ ಅವಳ ಹಗಲು ಎಂದು ಬೇಡಿಕೊಂಡೆ. ಸಮಿತಿಯ ಎಂಜಿನಿಯರ್ ನೆಲ ನೋಡುತ್ತಾ, “ವರದಿ ಬರೆದಿದ್ದು ನಿಮ್ಮ ತಂಗಿಯವರೇ ಅಲ್ವಾ ಮೇಡಂ” ಎಂದ.

ತೋರಿಸಿದ. ನಿನ್ನದೇ ಸಹಿ. ಕಿಟಕಿ ನಂತರ ಸೇರಿಸಿದ್ದಂತೆ, ಸಾಲಿನ ಅಂದಕ್ಕೆ ಧಕ್ಕೆಯಂತೆ. ವರದಿಗೆಂದು ಬಂದ ದಿನ ನೀನು ಬೀದಿಯಲ್ಲೇ ನಿಂತು ಅಳತೆ ತೆಗೆದೆ, ಫೋಟೊ ತೆಗೆದೆ. ಸ್ವಂತ ಮನೆಯೆಂದು ಪಕ್ಷಪಾತ ಮಾಡಿದಳು ಎಂದಾರು ಎಂದು ಹೊಸ್ತಿಲು ಸಹ ತುಳಿಯಲಿಲ್ಲ. ಅಮ್ಮ ಆ ಕಿಟಕಿಯಿಂದಲೇ ನಿನ್ನನ್ನು ನೋಡುತ್ತಿದ್ದಳು ಕಣೇ. ನಿನ್ನ ಪ್ರಾಮಾಣಿಕತೆ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಗಾರೆಯವನು ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಒಳಗಿನಿಂದ ಅಮ್ಮನೇ ಕೂಗಿದಳು: “ಬಿಡೇ ಅವನ್ನ. ಚಿಕ್ಕವಳು ಬರೆದಿದಾಳೆ ಅಂದ್ರೆ ಸರಿಯಾಗೇ ಇರತ್ತೆ.”

ಮುಚ್ಚಿಯಾಯಿತು. ಹೊರಗಿನಿಂದ ಗುರುತೇ ಸಿಗುವುದಿಲ್ಲ, ನಿನ್ನ ಸಾಲು ಈಗ ಅಂದವಾಗಿದೆ. ಒಳಗೆ ಹಗಲಲ್ಲೂ ದೀಪ ಹಾಕುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸದಲ್ಲಿ ಇನ್ನೂ ಒಳ್ಳೆಯ ಹೆಸರು ಬರಲಿ, ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ
ಅಕ್ಕ

ಮತ್ತೆ: ಕಿಟಕಿಯನ್ನು ಯಾಕೆ ಸೇರಿಸಿದರು ಎಂದು ನೀನು ಯಾರನ್ನೂ ಕೇಳಲಿಲ್ಲ. ನಿನಗಾಗ ಎರಡು ವರ್ಷವೂ ತುಂಬಿರಲಿಲ್ಲ. ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಿ ನಿನ್ನನ್ನು ತಿಂಗಳುಗಟ್ಟಲೆ ಆ ಕೋಣೆಯಲ್ಲಿ ಮಲಗಿಸಿದ್ದರು. ಮಗು ಗೋಡೆ ನೋಡಿಕೊಂಡು ಅಳುತ್ತದೆ ಎಂದು ಅಮ್ಮ ಅಪ್ಪನ ಹತ್ತಿರ ಜಗಳವಾಡಿ ಗೋಡೆ ಒಡೆಸಿದಳು. ಇದನ್ನು ನಿನಗೆ ಹೇಳಬಾರದು, ನೊಂದುಕೊಳ್ಳುತ್ತೀಯ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನೀನು ನೊಂದುಕೊಳ್ಳಲಿ ಎಂದೇ ಬರೆಯುತ್ತಿದ್ದೇನೆ.